ಸುಮ್ಮನಿದ್ದವರು ಮೊದಲು

ಶಿಡ್ಲಘಟ್ಟ
12 ಜೂನ್ 1987

ಆದಿಯಕ್ಕಾ,

ಮೊದಲು ನಮಸ್ಕಾರ ತಗೋ, ಬೈಗುಳ ಆಮೇಲೆ. ಮಿಲಿಟರಿ ನರ್ಸ್ ಆಗಿ ಹೆಗಲ ಮೇಲೆ ನಕ್ಷತ್ರ ಬಂದದ್ದೇ ತಡ, ನಿನ್ನ ಕಾಗದ ವರ್ಷಕ್ಕೆ ಎರಡಕ್ಕೆ ಇಳಿದಿದೆ. ನರ್ಸಿಂಗ್ ಹಾಸ್ಟೆಲಿನಲ್ಲಿ ನನ್ನ ಟ್ರಂಕಿನ ಬೀಗ ತೆಗೆದು, ಅಮ್ಮ ಕಳಿಸಿದ ಹುರಿಗಾಳು ಖಾಲಿ ಮಾಡುತ್ತಿದ್ದ ಸೀನಿಯರ್ ಯಾರೋ ನೆನಪಿದೆಯಾ? ಹೋದ ಭಾನುವಾರ ತೊಂಡೇಬಾವಿಗೆ ಹೋಗಿ ನಿಮ್ಮಮ್ಮನನ್ನು ನೋಡಿಕೊಂಡು ಬಂದೆ. "ನಿನಗಾದ್ರೂ ಬರೀತಾಳೇನಮ್ಮ ನಮ್ಮ ಆದಿಲಕ್ಷ್ಮಿ?" ಎಂದು ನನ್ನನ್ನೇ ಕೇಳಿದರು. ತಿಂಗಳಿಗೊಂದು ಬರೀತಾಳೆ ಅಂದೆ. ನಿನ್ನ ಪರವಾಗಿ ನಾನು ಹೇಳಿದ ಎಷ್ಟನೇ ಸುಳ್ಳೋ ಅದು.

ಈಗ ವಿಷಯ. ಇಲ್ಲಿ ಚಿಂತಾಮಣಿ ರಸ್ತೆಯಲ್ಲಿ ರೇಷ್ಮೆ ವ್ಯಾಪಾರಸ್ಥರು ಕಟ್ಟಿಸಿದ ನಲವತ್ತು ಹಾಸಿಗೆಯ ಧರ್ಮಾಸ್ಪತ್ರೆಗೆ ನಾನು ಸೇರಿ ಮೂರು ವರ್ಷವಾಯಿತಲ್ಲ, ಈಗ ಕ್ಯಾಶುವಲ್ಟಿಯ ಜವಾಬ್ದಾರಿ ನನ್ನ ತಲೆ ಮೇಲೆ ಬಂದಿದೆ. ಐದು ಜನ ನರ್ಸುಗಳಿಗೆ ತರಬೇತಿ ಕೊಡಬೇಕು. ಏನಕ್ಕೆ ಅಂದರೆ, ಬಾಗಿಲಲ್ಲಿ ನಿಂತು, ಬಂದವರಲ್ಲಿ ಯಾರನ್ನು ಮೊದಲು ಒಳಗೆ ಕಳಿಸಬೇಕು ಎಂದು ಗುರುತಿಸುವುದಕ್ಕೆ. ನಿಮ್ಮ ಸೈನ್ಯದಲ್ಲಿ ಅದಕ್ಕೆ ಟ್ರಯಾಜ್ ಅನ್ನುತ್ತಾರೆ ಎಂದು ನೀನೇ ಒಮ್ಮೆ ಬರೆದಿದ್ದೆ.

ಇಲ್ಲಿಯವರೆಗೆ ನಮ್ಮ ಪದ್ಧತಿ ಏನೆಂದರೆ, ಬಾಗಿಲ ಪಕ್ಕ ಒಂದು ಉದ್ದನೆಯ ಬೆಂಚು. ಮೊದಲು ಕೂತವರು ಮೊದಲು. ಗಟ್ಟಿಯಾಗಿ ಕೂಗುವವರು ಅವರಿಗಿಂತ ಮೊದಲು. ಊರಿನಲ್ಲಿ ನಾಲ್ಕು ಜನಕ್ಕೆ ಬೇಕಾದವರು ಬಂದರೆ ಎಲ್ಲರಿಗಿಂತ ಮೊದಲು.

ಹೋದ ತಿಂಗಳು ವೆಂಕಟರತ್ನಮ್ಮ ಎಂಬ ನೂಲು ತೆಗೆಯುವ ಹೆಂಗಸು ಆ ಬೆಂಚಿನ ಮೇಲೆ ಕೂತೇ ಸತ್ತುಹೋದಳು. ಎದೆ ಹಿಡಿದುಕೊಂಡು ಮುಕ್ಕಾಲು ಗಂಟೆ ಕೂತಿದ್ದಳಂತೆ. ಅಯ್ಯೋ ಎನ್ನಲಿಲ್ಲ, ಅಮ್ಮಾ ಎನ್ನಲಿಲ್ಲ. ಡ್ಯೂಟಿಯಲ್ಲಿದ್ದ ನರ್ಸು ಕಾಲಿಗೆ ಗಾಯ ಮಾಡಿಕೊಂಡು ಬಂದಿದ್ದ ಒಬ್ಬ ಜಮೀನುದಾರರಿಗೆ ಪಟ್ಟಿ ಕಟ್ಟುತ್ತಿದ್ದಳು.

ಟ್ರಸ್ಟಿನ ಮೀಟಿಂಗಿನಲ್ಲಿ ನಾನು ಎದ್ದು ನಿಂತು, ಇದು ಹೀಗೇ ನಡೆದರೆ ಇನ್ನೊಬ್ಬಳು ಸಾಯುತ್ತಾಳೆ, ಬಾಗಿಲಲ್ಲಿ ವಿಂಗಡಿಸುವ ಅಧಿಕಾರ ನರ್ಸುಗಳಿಗೆ ಕೊಡಿ ಅಂದೆ. ನಮ್ಮ ದೊಡ್ಡ ಡಾಕ್ಟರು ನರಸಿಂಹಪ್ಪನವರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಯಾರು ಮೊದಲು ಅನ್ನೋದು ಡಾಕ್ಟ್ರು ಹೇಳೋ ಮಾತು ಕಣಮ್ಮ. ಆಗ್ಲಿ, ದೀಪಾವಳಿವರೆಗೆ ನೋಡ್ತೀನಿ. ಸರಿಹೋಗ್ಲಿಲ್ಲ ಅಂದ್ರೆ ನೀನು ಇಂಜೆಕ್ಷನ್ ರೂಮಿಗೆ, ಬೆಂಚು ಯಥಾಪ್ರಕಾರ" ಅಂದರು.

ನನಗೆ ಇಂಜೆಕ್ಷನ್ ರೂಮಿನ ಭಯವಿಲ್ಲ ಅಕ್ಕ. ಬೆಂಚು ಯಥಾಪ್ರಕಾರ ಅಂದರಲ್ಲ, ಅದರ ಭಯ. ನೀನು ಅಲ್ಲಿ ಹೇಗೆ ಮಾಡುತ್ತೀ, ಒಂದನ್ನೂ ಬಿಡದೆ ಬರೆ.

ನಿನ್ನ
ಗಂಗು


56 ಎ.ಪಿ.ಓ.
4 ಜುಲೈ 1987

ಗಂಗೂ,

ಹುರಿಗಾಳಿನ ವಿಷಯ ಇನ್ನೂ ಬಿಟ್ಟಿಲ್ಲವಲ್ಲೇ! ನಿವೃತ್ತಿಯಾದ ಮೇಲೆ ಒಂದು ಮೂಟೆ ತಂದು ನಿಮ್ಮ ಮಂಡಿಕಲ್ಲಿನ ಮನೆ ಮುಂದೆ ಸುರಿಯುತ್ತೇನೆ, ಸರಿಯಾ?

ನಾನಿರುವ ಊರಿನ ಹೆಸರು ಬರೆಯುವ ಹಾಗಿಲ್ಲ, ಸೈನ್ಯದ ಅಂಚೆ ನಂಬರು ಮಾತ್ರ. ಬೆಟ್ಟ, ಚಳಿ, ಕಲ್ಲು. ಅಷ್ಟು ಸಾಕು. ನೀನು ಕೇಳಿದ್ದು ಸರಿಯಾದವಳನ್ನೇ. ಇಲ್ಲಿ ಡೇರೆಯ ಬಾಗಿಲಲ್ಲಿ ನಾನು ನಿಂತರೆ ಕರ್ನಲ್ ಸಾಹೇಬರೂ ನನ್ನ ಬೆರಳು ಯಾವ ಕಡೆ ತೋರಿಸುತ್ತದೆ ಎಂದು ನೋಡುತ್ತಾರೆ. ಕೇಳಿಸಿಕೋ.

ಒಬ್ಬರಿಗೆ ಅರ್ಧ ನಿಮಿಷ. ಉಸಿರು ನೋಡು. ನಾಡಿ ಹಿಡಿ. ಹೆಸರು ಕೇಳು, ಸರಿಯಾಗಿ ಉತ್ತರ ಬರುತ್ತದಾ ಗಮನಿಸು. ಅಷ್ಟೇ. ಗಾಯ ಎಷ್ಟು ದೊಡ್ಡದು, ರಕ್ತ ಎಷ್ಟು ಹರಿದಿದೆ ಎಂದು ನೋಡುತ್ತಾ ನಿಂತರೆ ಕೆಟ್ಟೆ. ಈಗಲೇ ಒಳಗೆ ಹೋಗಬೇಕಾದವರಿಗೆ ಕೆಂಪು ಪಟ್ಟಿ, ಸ್ವಲ್ಪ ಹೊತ್ತು ತಡೆಯಬಲ್ಲವರಿಗೆ ಹಳದಿ, ಕಾಯಬಲ್ಲವರಿಗೆ ಹಸಿರು. ಕೂಗುವವನಿಗೆ ಕೂಗುವಷ್ಟು ಉಸಿರಿದೆ. ಸುಮ್ಮನಿದ್ದವರ ಹತ್ತಿರ ಮೊದಲು ಹೋಗು. ಇದನ್ನು ನಿನ್ನ ಹುಡುಗಿಯರಿಂದ ನೂರು ಸಲ ಬಾಯಿಪಾಠ ಮಾಡಿಸು.

ಮುಖ ನೋಡಬೇಡ. ಯಾರ ಮಗ, ಯಾವ ಊರು ಕೇಳಬೇಡ. ಬಾಗಿಲಲ್ಲಿ ನಿಂತವಳಿಗೆ ಕಲ್ಲಿನ ಎದೆ ಇರಬೇಕು.

ಒಂದು ಮಾತು. ಆ ವೆಂಕಟರತ್ನಮ್ಮನನ್ನು ಬಿಟ್ಟು ಜಮೀನುದಾರನ ಕಾಲು ಹಿಡಿದುಕೊಂಡು ಕೂತಿದ್ದಳಲ್ಲ ಆ ನರ್ಸು, ಅವಳನ್ನು ಇನ್ನೂ ಇಟ್ಟುಕೊಂಡಿದ್ದೀರಾ? ಅಂಥವಳನ್ನು ಬಾಗಿಲ ಹತ್ತಿರಕ್ಕೂ ಬಿಡಬೇಡ. ಒಮ್ಮೆ ತಪ್ಪಿದವಳು ಮತ್ತೆ ತಪ್ಪುತ್ತಾಳೆ.

ನಿನ್ನ ಅಕ್ಕ
ಆದಿ


ಶಿಡ್ಲಘಟ್ಟ
28 ಜುಲೈ 1987

ಆದಿಯಕ್ಕ,

ಕಾಗದ ತಲುಪಿತು. ಪಾಠ ಶುರುವಾಗಿದೆ.

ಐವರಲ್ಲಿ ಇಬ್ಬರ ಹೆಸರು ಹೇಳಿದರೆ ಸಾಕು. ಮಂಗಮ್ಮ, ಇದೇ ಊರಿನವಳು. ಅವರ ಮನೆಯಲ್ಲಿ ನೂಲು ತೆಗೆಯುತ್ತಾರೆ. ಅಮ್ಮಾಜಮ್ಮ ಗೌರಿಬಿದನೂರಿನ ಕಡೆಯವಳು. ಹೇಳಿದ್ದನ್ನು ಅಕ್ಷರ ಬಿಡದೆ ಮಾಡುತ್ತಾಳೆ, ಹೇಳದ್ದನ್ನು ಏನು ಮಾಡಿದರೂ ಮಾಡಳು.

ಅರ್ಧ ನಿಮಿಷದಲ್ಲಿ ನೋಡಿ ಬೇರೆ ಮಾಡುವುದು ಯಾರಿಗೂ ಬರಲಿಲ್ಲ. ಒಬ್ಬರ ಹತ್ತಿರ ಐದು ನಿಮಿಷ ನಿಂತು ಮಾತಾಡಿಸುತ್ತಿದ್ದರು. ಆಗ ಮಂಗಮ್ಮನೇ ಒಂದು ತಟ್ಟೆ ತುಂಬಾ ರೇಷ್ಮೆಗೂಡು ತಂದಳು. ಗೂಡು ಮಾರ್ಕೆಟ್ಟಿನಲ್ಲಿ ಕೊಳ್ಳುವವರು ಹೇಗೆ ಮಾಡುತ್ತಾರೆ ನಿನಗೆ ಗೊತ್ತಲ್ಲ. ಕೈ ಹಾಕಿದರೆ ಕಲೆ ಬಿದ್ದದ್ದು, ಜೋಡಿ ಗೂಡು, ತೆಳುವಾದದ್ದು ತಾನಾಗಿ ಬೇರೆಯಾಗುತ್ತವೆ. ಆಮೇಲೆ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಒಳಗಿನ ಹುಳ ಸದ್ದು ಮಾಡಿದರೆ ಗೂಡು ಚೆನ್ನಾಗಿದೆ. ಸದ್ದಿಲ್ಲದಿದ್ದರೆ ಹುಳ ಒಳಗೇ ಕರಗಿದೆ. "ಸಿಸ್ಟರ್, ನೀವು ಹೇಳೋದೂ ಇದೇ ಅಲ್ವಾ? ಮಾತಾಡ್ದೆ ಇರೋದೇ ಕೆಟ್ಟಿರೋದು" ಅಂದಳು ಮಂಗಮ್ಮ. ನಾನು ಬೇರೆ ಪಾಠ ಮಾಡುವುದನ್ನೇ ಬಿಟ್ಟೆ. ದಿನಾ ಬೆಳಿಗ್ಗೆ ಹತ್ತು ನಿಮಿಷ ಗೂಡು, ಆಮೇಲೆ ಹತ್ತು ನಿಮಿಷ ಒಬ್ಬರ ನಾಡಿ ಇನ್ನೊಬ್ಬರು. ಈಗ ಕೈ ಓಡುತ್ತಿದೆ.

ಬಣ್ಣದ ಪಟ್ಟಿ ಇಲ್ಲಿ ಸಿಗಲಿಲ್ಲ. ಬಣ್ಣ ಹಾಕಿದ ರೇಷ್ಮೆದಾರ ಬೇಕಾದಷ್ಟಿದೆ. ಕೆಂಪು, ಹಳದಿ, ಹಸಿರು ದಾರ ಮಣಿಕಟ್ಟಿಗೆ ಕಟ್ಟುತ್ತೇವೆ.

ಉಳಿದದ್ದು ಸಾವಕಾಶವಾಗಿ.

ಗಂಗುಲಮ್ಮ


56 ಎ.ಪಿ.ಓ.
19 ಆಗಸ್ಟ್ 1987

ಗಂಗೂ,

"ಗಂಗುಲಮ್ಮ" ಎಂದು ಪೂರ್ತಿ ಸಹಿ ಹಾಕಿದ್ದೀಯ. ಏನು ಕೋಪವೇ ನಿನಗೆ? ಬೈಗುಳವಿಲ್ಲದ ಕಾಗದ ನಿನ್ನಿಂದ ಬಂದದ್ದು ಇದೇ ಮೊದಲು. ಮೈ ಹುಷಾರಿಲ್ಲವಾ? ಇನ್‌ಚಾರ್ಜ್ ಆದ ಮೇಲೆ ಗತ್ತು ಬಂತಾ?

ಗೂಡಿನ ಪಾಠ ಓದಿ ಒಬ್ಬಳೇ ಗಟ್ಟಿಯಾಗಿ ನಕ್ಕೆ. ಆಮೇಲೆ ಕಣ್ಣಲ್ಲಿ ನೀರು ಬಂತು. ನನಗೆ ಯಾರಾದರೂ ಹೀಗೆ ಕಲಿಸಿದ್ದರೆ ಅನ್ನಿಸಿತು. ನೀನು ನಿಜವಾಗಿ ಟೀಚರಮ್ಮ ಕಣೇ. ಆ ಮಂಗಮ್ಮನಿಗೆ ನನ್ನ ಶಭಾಷ್ ಹೇಳು.

ಹೆಚ್ಚು ಬರೆಯಲು ಹೊತ್ತಿಲ್ಲ. ಬೆಳಿಗ್ಗೆಯಿಂದ ಬೆಡ್‌ಶೀಟು ಎಣಿಸಿ ಬೆನ್ನು ಬಿದ್ದುಹೋಗಿದೆ. ಗೌರಿ ಹಬ್ಬಕ್ಕೆ ನಮ್ಮಮ್ಮನ ಹತ್ತಿರ ಒಮ್ಮೆ ಹೋಗಿ ಬಾ.

ಆದಿ


ಶಿಡ್ಲಘಟ್ಟ
10 ಸೆಪ್ಟೆಂಬರ್ 1987

ಆದಿಯಕ್ಕ,

ಎಲ್ಲ ಮುಳುಗಿತು. ಕೇಳು.

ಗೌರಿ ಹಬ್ಬ ಕಳೆದ ಮೂರನೇ ದಿನ ಹಿಪ್ಪುನೇರಳೆ ಸೊಪ್ಪು ಕೊಯ್ಯಲು ಹೋಗುತ್ತಿದ್ದ ಹೆಂಗಸರ ಟೆಂಪೋ ಹಳ್ಳಕ್ಕೆ ಉರುಳಿ, ಒಂಬತ್ತು ಜನ ಒಟ್ಟಿಗೆ ಬಂದರು. ನಾನೂ ಮಂಗಮ್ಮನೂ ಬಾಗಿಲಲ್ಲಿ ದಾರ ಕಟ್ಟುವುದು, ಅಮ್ಮಾಜಮ್ಮ ಒಳಗೆ ದಾರದ ಬಣ್ಣ ನೋಡಿ ಕಳಿಸುವುದು ಎಂದು ಮಾತಾಗಿತ್ತು. ಗಡಿಬಿಡಿಯಲ್ಲಿ ಒಬ್ಬ ಹೆಂಗಸನ್ನು ಅವಳ ಮನೆಯವರು ನಮ್ಮನ್ನು ದಾಟಿಸಿಕೊಂಡು ನೇರವಾಗಿ ಒಳಗೆ ತಂದುಬಿಟ್ಟರು. ಅಮ್ಮಾಜಮ್ಮ ಅವಳ ಕೈ ನೋಡಿದಳು. ಹಳದಿ ದಾರ. ತಡೆಯಬಲ್ಲವಳು ಎಂದು ಗೋಡೆ ಪಕ್ಕ ಮಲಗಿಸಿದಳು.

ಅದು ನಾವು ಕಟ್ಟಿದ ದಾರವಲ್ಲ ಅಕ್ಕ. ಗೌರಿ ದಾರ! ಹದಿನಾರು ಗಂಟಿನ ಹಳದಿ ದಾರ. ಒಂಬತ್ತು ಜನರಲ್ಲಿ ಆರು ಜನರ ಕೈಯಲ್ಲಿ ಅದೇ ಇತ್ತು. ಹಬ್ಬದ ವಾರದಲ್ಲಿ ಹೆಂಗಸರ ಕೈಯಲ್ಲಿ ಹಳದಿ ದಾರ ಇರುತ್ತದೆ ಎಂದು ನನ್ನ ಈ ತಲೆಗೆ ಹೊಳೆಯಲೇ ಇಲ್ಲ. ನಿಮ್ಮಮ್ಮನ ಕೈಯಲ್ಲೂ ನೋಡಿ ಬಂದಿದ್ದೆ!

ಮಂಗಮ್ಮ ಹತ್ತಿಯುಂಡೆ ತರಲು ಆ ಕಡೆ ಹೋದವಳು, "ಇವ್ಳ್ಯಾಕೆ ಸುಮ್ನವ್ಳೆ?" ಎಂದು ನಿಂತಳು. ಆ ಒಂದು ಮಾತಿನಿಂದ ಆ ಹೆಂಗಸು ಉಳಿದಳು. ಪಕ್ಕೆಲುಬು ಮುರಿದು ಉಸಿರು ಕಟ್ಟುತ್ತಿತ್ತು. ಡಾಕ್ಟರು ಅವಳನ್ನು ನೋಡಿ ಮುಗಿಸಿ ಹೊರಗೆ ಬಂದು, ಎಲ್ಲರ ಎದುರಿಗೇ ನನಗೆ ಹೇಳಿದರು: "ಗೌರಮ್ಮನ ದಾರಕ್ಕೂ ನಿನ್ನ ದಾರಕ್ಕೂ ವ್ಯತ್ಯಾಸ ಗೊತ್ತಾಗ್ಲಿಲ್ವಲ್ಲಮ್ಮ ನಿನಗೆ. ಇನ್ನು ಸಾಕು ಮಾಡು." ಕೈಕಾಲು ಹಿಡಿದು ಬೇಡಿಕೊಂಡ ಮೇಲೆ, ಕೊಟ್ಟ ಮಾತಿನಂತೆ ದೀಪಾವಳಿವರೆಗೆ ಇರಲಿ ಅಂದಿದ್ದಾರೆ. ಅಮ್ಮಾಜಮ್ಮ ಎರಡು ದಿನ ಊಟ ಬಿಟ್ಟಳು.

ಈಗ ಇನ್ನೊಂದು. ಇದನ್ನು ನಿನ್ನ ಜುಲೈ ಕಾಗದ ಬಂದಾಗಿನಿಂದ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದೇನೆ.

ವೆಂಕಟರತ್ನಮ್ಮ ಸತ್ತ ದಿನ ಡ್ಯೂಟಿಯಲ್ಲಿ ಇದ್ದವಳು ನಾನು. ಬಾಗಿಲ ಹತ್ತಿರಕ್ಕೂ ಬಿಡಬಾರದು ಎಂದು ನೀನು ಬರೆದೆಯಲ್ಲ, ಅವಳು ನಾನೇ.

ಬಂದವರು ಮುನಿವೆಂಕಟಪ್ಪನವರು. ಮಂಡಿಕಲ್ಲಿನಲ್ಲಿ ನಮ್ಮಪ್ಪ ಬಯ್ಯಪ್ಪ ಮೂವತ್ತು ವರ್ಷ ದುಡಿದದ್ದು ಅವರ ತೋಟದಲ್ಲಿ. ಅವರು ದಾರಿಯಲ್ಲಿ ಬಂದರೆ ನಮ್ಮ ಮನೆಯಲ್ಲಿ ಎಲ್ಲರೂ ಎದ್ದು ನಿಲ್ಲುತ್ತಿದ್ದೆವು. ಈಗ ಅವರು ನಮ್ಮ ಟ್ರಸ್ಟಿನ ಮೆಂಬರು ಕೂಡ. ಗುದ್ದಲಿ ತಗುಲಿ ಕಾಲಿನ ಹೆಬ್ಬೆರಳಿಗೆ ಗಾಯವಾಗಿತ್ತು. ಆಸ್ಪತ್ರೆ ಹಾರಿಹೋಗುವ ಹಾಗೆ ಕೂಗುತ್ತಿದ್ದರು. ಬೆಂಚಿನ ಮೇಲೆ ಆ ಹೆಂಗಸು ಕೂತಿರುವುದು ನನಗೆ ಕಂಡಿತ್ತು. ಬೆವರುತ್ತಿದ್ದದ್ದೂ ಕಂಡಿತ್ತು. ಆದರೆ ಅವರ ದನಿ ಕೇಳಿದ್ದೇ ನನ್ನ ಕಾಲು ತಾನಾಗಿ ಎದ್ದು ಅವರ ಕಡೆಗೆ ಹೋಯಿತು. ಯೋಚನೆ ಮಾಡಿ ಹೋದದ್ದಲ್ಲ ಅಕ್ಕ. ಅಭ್ಯಾಸ. ಓದಿ, ಬಿಳಿ ಯೂನಿಫಾರಂ ಹಾಕಿ, ಅಲ್ಲಿ ಇಲ್ಲಿ ಐದು ವರ್ಷ ಕೆಲಸ ಮಾಡಿದ ಮೇಲೂ ಆ ಅಭ್ಯಾಸ ಕಾಲಿನಲ್ಲಿ ಹಾಗೇ ಇತ್ತು. ಪಟ್ಟಿ ಕಟ್ಟಿ ತಿರುಗಿ ನೋಡುವ ಹೊತ್ತಿಗೆ ಅವಳ ತಲೆ ವಾಲಿತ್ತು.

ಅದಕ್ಕೇ ನನಗೆ ಆ ಬೆಂಚು ಬೇಡ. ಬೇರೆ ಯಾರೂ ಕೇಳದಿದ್ದರೂ ನಾನು ವೆಂಕಟರತ್ನಮ್ಮನಿಗೆ ಉತ್ತರ ಕೊಡಬೇಕು. ಒಮ್ಮೆ ತಪ್ಪಿದವಳು ಮತ್ತೆ ತಪ್ಪುತ್ತಾಳೆ ಎಂದು ನೀನು ಬರೆದದ್ದು ನಿಜವಾಯಿತು, ಸಂತೋಷವಾ?

ಕೊನೆಯದಾಗಿ, ಕರ್ನಲ್ ಸಾಹೇಬರು ಬೆರಳು ನೋಡುವಂಥ ಲೆಫ್ಟಿನೆಂಟಮ್ಮ ಬೆಳಿಗ್ಗೆಯಿಂದ ಬೆಡ್‌ಶೀಟು ಯಾಕೆ ಎಣಿಸುತ್ತಿದ್ದಳು?

ಗಂಗುಲಮ್ಮ


56 ಎ.ಪಿ.ಓ.
23 ಸೆಪ್ಟೆಂಬರ್ 1987

ನನ್ನ ಗಂಗೂ,

ನಿನ್ನ ಕಾಗದ ಓದಿ ನನ್ನ ಕೆನ್ನೆಗೆ ನಾನೇ ಹೊಡೆದುಕೊಂಡೆ. ಕಲ್ಲಿನ ಎದೆ ಇರಬೇಕು ಎಂದು ಬರೆದ ಮಹಾತಾಯಿಯ ಕಥೆ ಈಗ ಕೇಳು.

ನಾನು ಡೇರೆಯ ಬಾಗಿಲಲ್ಲಿ ನಿಲ್ಲುವುದು ಬಿಟ್ಟು ಒಂದು ವರ್ಷವಾಯಿತು. ಈಗ ನಾನಿರುವುದು ಲಿನನ್ ಸ್ಟೋರಿನಲ್ಲಿ. ಬೆಡ್‌ಶೀಟು, ಕಂಬಳಿ, ದಿಂಬಿನ ಚೀಲ.

ಹೋದ ವರ್ಷ ಒಂದು ಟ್ರಕ್ಕು ಕಣಿವೆಗೆ ಬಿದ್ದು ಹದಿನೇಳು ಜನ ಬಂದರು. ಒಬ್ಬ ಜವಾನ ತಾನೇ ನಡೆದುಕೊಂಡು ಬಂದ. ಇನ್ನೊಬ್ಬನನ್ನು ಬೆನ್ನ ಮೇಲೆ ಹೊತ್ತುಕೊಂಡು ಬಂದ. ಹೆಸರು ಹೇಳಿದ, ನಾಡಿ ಚೆನ್ನಾಗಿತ್ತು, ನನಗೇನೂ ಆಗಿಲ್ಲ ಸಿಸ್ಟರ್ ಎಂದು ನಕ್ಕ. ಹಸಿರು ಕಟ್ಟಿದೆ. ತಪ್ಪೇನಿಲ್ಲ, ಆ ಹೊತ್ತಿಗೆ ಅವನು ಹಸಿರೇ. ಆಮೇಲೆ ನಲವತ್ತು ನಿಮಿಷ ನಾನು ಆ ಕಡೆ ತಿರುಗಿ ನೋಡಲಿಲ್ಲ. ಹೊಟ್ಟೆಯೊಳಗೆ ರಕ್ತ ಸೋರುತ್ತಿತ್ತು. ಡೇರೆ ಪಕ್ಕದ ಕಲ್ಲುಗೋಡೆಗೆ ಒರಗಿ ಕೂತವನು ಕೂತ ಹಾಗೇ ಹೋಗಿದ್ದ. ಕೈಯಲ್ಲಿ ನಾನು ಕಟ್ಟಿದ ಹಸಿರು ಪಟ್ಟಿ.

ಯಾರೂ ನನ್ನನ್ನು ಬೈಯಲಿಲ್ಲ. ನಾನೇ ಹೋಗಿ, ಬಾಗಿಲು ಬೇಡ, ಸ್ಟೋರು ಕೊಡಿ ಎಂದು ಕೇಳಿಕೊಂಡೆ. ಒಮ್ಮೆ ತಪ್ಪಿದವಳು ಮತ್ತೆ ತಪ್ಪುತ್ತಾಳೆ ಎಂದು ನಾನು ಬರೆದದ್ದು ನಿನಗಲ್ಲ ಕಣೇ. ದಿನಾ ಬೆಳಿಗ್ಗೆ ಸ್ಟೋರಿನ ಬೀಗ ತೆಗೆಯುವಾಗ ನನಗೆ ನಾನೇ ಹೇಳಿಕೊಳ್ಳುವ ಮಾತು ಅದು.

ಇದಕ್ಕಿಂತ ದೊಡ್ಡ ತಪ್ಪು ಒಂದು ಮಾಡಿದೆ. ನೀನು ಒಂದನ್ನೂ ಬಿಡದೆ ಬರೆ ಎಂದು ಕೇಳಿದಾಗ ಒಂದು ಪಾಠ ಬಿಟ್ಟೆ. ಅದನ್ನು ಬರೆದರೆ ಅವನ ವಿಷಯ ಬರೆಯಬೇಕಾಗುತ್ತದೆ ಎಂದು ಬಿಟ್ಟೆ. ಈಗ ತಗೋ: ಒಮ್ಮೆ ನೋಡಿದರೆ ಮುಗಿಯಲಿಲ್ಲ. ಹತ್ತು ನಿಮಿಷಕ್ಕೊಮ್ಮೆ ತಿರುಗಿ ನೋಡಬೇಕು. ಕಾಯಲು ಕೂರಿಸಿದವರನ್ನು ಮುಖ್ಯವಾಗಿ ನೋಡಬೇಕು. ನೀನು ಕಟ್ಟಿದ ಬಣ್ಣ ಆ ಗಳಿಗೆಗೆ ಮಾತ್ರ ನಿಜ. ಇದನ್ನು ನಾನು ಮೊದಲೇ ಬರೆದಿದ್ದರೆ ಅಮ್ಮಾಜಮ್ಮ ಗೋಡೆ ಪಕ್ಕ ಮಲಗಿಸಿದವಳನ್ನು ಮತ್ತೆ ನೋಡುತ್ತಿದ್ದಳು. ಆ ಹುಡುಗಿಗೆ ಹೇಳು, ತಪ್ಪು ಅವಳದಲ್ಲ, ನನ್ನದು, ಊಟ ಮಾಡಲಿ.

ನೀನು ತಪ್ಪಿದ ಬಾಗಿಲಲ್ಲೇ ಮತ್ತೆ ಬಂದು ನಿಂತಿದ್ದೀಯ. ನಾನು ಓಡಿಹೋಗಿ ಬೆಡ್‌ಶೀಟಿನ ಹಿಂದೆ ಕೂತೆ. ನಮ್ಮಿಬ್ಬರಲ್ಲಿ ಸೀನಿಯರ್ ಯಾರು ಎಂದು ಇನ್ನು ಮೇಲೆ ಯಾರೂ ಕೇಳುವ ಹಾಗಿಲ್ಲ.

ದಾರ ಬಿಡು. ದೇವರಿಗೂ ಮದುವೆಗೂ ಹರಕೆಗೂ ಬಳಸದ ಯಾವುದಾದರೂ ಗುರುತು ಹುಡುಕು. ನಮ್ಮ ಕಡೆ ಅಂಥದ್ದು ಸಿಗುವುದು ಕಷ್ಟವೇ ಸರಿ.

ಆದಿ


ಶಿಡ್ಲಘಟ್ಟ
26 ಅಕ್ಟೋಬರ್ 1987

ಆದಿಯಕ್ಕಾ, ಆದಿಯಕ್ಕಾ, ಆದಿಯಕ್ಕಾ,

ಮೂರು ಸಲ ಯಾಕೆ ಕರೆದೆ ಎಂದು ಕೊನೆಗೆ ಗೊತ್ತಾಗುತ್ತದೆ. ನಿನ್ನ ಕಾಗದವನ್ನು ದಿಂಬಿನ ಕೆಳಗಿಟ್ಟುಕೊಂಡು ಎರಡು ರಾತ್ರಿ ಅತ್ತೆ. ಮೂರನೇ ದಿನ ಎದ್ದು, ತಿರುಗಿ ನೋಡುವ ಪಾಠ ಶುರು ಮಾಡಿದೆ. ನಿನ್ನ ಹೆಸರು ಹೇಳಲಿಲ್ಲ. ನನ್ನ ಅಕ್ಕ ಒಬ್ಬರು ಹೇಳಿಕೊಟ್ಟರು ಅಂದೆ.

ಗುರುತಿಗೆ ಏನು ಮಾಡಿದೆ ಹೇಳು ನೋಡೋಣ? ಬಾಯಿ ಹುಣ್ಣಿಗೆ ಹಚ್ಚುವ ನೇರಳೆ ಔಷಧಿ, ಜೆನ್ಷಿಯನ್ ವಯಲೆಟ್! ಯಾವ ದೇವರಿಗೂ ಅದರ ಮೇಲೆ ಹಕ್ಕಿಲ್ಲ. ಕಡ್ಡಿಗೆ ಹತ್ತಿ ಸುತ್ತಿ, ಅದ್ದಿ, ಮುಂಗೈ ಮೇಲೆ 1, 2, 3 ಎಂದು ಬರೆಯುವುದು. ತೊಳೆದರೂ ಹೋಗದು, ಬೆವರಿಗೂ ಅಳಿಯದು.

ದೀಪಾವಳಿಗೆ ಮೂರು ದಿನ ಇತ್ತು. 19ನೇ ತಾರೀಖು, ಸೋಮವಾರ, ಬೆಳಿಗ್ಗೆ ಹನ್ನೊಂದು ಗಂಟೆ. ಚಿಂತಾಮಣಿಯಿಂದ ಬರುತ್ತಿದ್ದ ಪ್ರೈವೇಟ್ ಬಸ್ಸು ತಿರುವಿನಲ್ಲಿ ಮಗುಚಿತು. ಹಬ್ಬದ ಸಂತೆಗೆ ಹೊರಟ ಜನ. ಟ್ರಾಕ್ಟರು, ಲಾರಿ, ಎತ್ತಿನಗಾಡಿ, ಸಿಕ್ಕಿದ್ದರಲ್ಲಿ ಹಾಕಿಕೊಂಡು ನಮ್ಮಲ್ಲಿಗೆ ತಂದರು. ನಲವತ್ತಮೂರು ಜನ ಅಕ್ಕ! ಡಾಕ್ಟರು ಇಬ್ಬರು, ನರ್ಸುಗಳು ಆರು.

ನಾನೂ ಮಂಗಮ್ಮನೂ ಬಾಗಿಲಿನ ಆ ಕಡೆ ಈ ಕಡೆ ನಿಂತೆವು. ಅಟೆಂಡರ್ ರಾಮಾಂಜಿನಪ್ಪನನ್ನು ನಡುವೆ ನಿಲ್ಲಿಸಿ, ಮುಂಗೈ ಮೇಲೆ ನೇರಳೆ ಅಂಕಿ ಇಲ್ಲದೆ ಒಬ್ಬರೂ ಒಳಗೆ ಹೋಗುವ ಹಾಗಿಲ್ಲ ಅಂದೆ. ಉಸಿರು, ನಾಡಿ, ಹೆಸರು, ಅಂಕಿ. ಉಸಿರು, ನಾಡಿ, ಹೆಸರು, ಅಂಕಿ. ಹಣ್ಣಿನ ಬುಟ್ಟಿ ಹಿಡಿದುಕೊಂಡು ಕಂಬಕ್ಕೆ ಒರಗಿದ್ದ ಒಬ್ಬ ಮುದುಕಿ ಹೆಸರು ಕೇಳಿದರೆ ಸುಮ್ಮನೆ ನನ್ನ ಮುಖ ನೋಡಿದಳು. ಮೈ ಮೇಲೆ ಒಂದು ಗೀರಿಲ್ಲ. ನಾಡಿ ಸಿಗಲೇ ಇಲ್ಲ. 1 ಬರೆದೆ. ಅವಳೇ ಮೊದಲು ಒಳಗೆ ಹೋದಳು.

ಅಷ್ಟರಲ್ಲಿ ಗುಂಪಿನ ಹಿಂದಿನಿಂದ ಆ ದನಿ ಬಂತು. "ಅಯ್ಯಯ್ಯೋ, ಚಚ್ಚಿಪೋತಾನಮ್ಮೋ! ಸತ್ತೇ ಹೋಗ್ತೀನಿ, ಬಿಡ್ರೋ ದಾರಿ!" ಮುನಿವೆಂಕಟಪ್ಪನವರು. ಅದೇ ಬಸ್ಸಿನಲ್ಲಿದ್ದರು. ನನ್ನ ಕಾಲು ಏನು ಮಾಡಿತು ಗೊತ್ತಾ? ಎದ್ದಿತು. ನಿಜ ಹೇಳುತ್ತೇನೆ, ಹಿಮ್ಮಡಿ ಎದ್ದಿತು. ಆ ಹಿಮ್ಮಡಿಯನ್ನು ನೆಲಕ್ಕೆ ಒತ್ತಿ ಹಿಡಿದು, ಎದುರಿಗಿದ್ದ ಹುಡುಗಿಯ ನಾಡಿ ಎಣಿಸಿ ಮುಗಿಸಿದೆ. ಆಮೇಲೆ ಅವರ ಸರದಿ. ಉಸಿರು ಚೆನ್ನಾಗಿದೆ, ನಾಡಿ ಚೆನ್ನಾಗಿದೆ, ಹೆಸರು ಅಪ್ಪನ ಹೆಸರಿನ ಸಮೇತ ಹೇಳಿದರು. ಹೆಗಲ ಮೂಳೆ ಮುರಿದಿದೆ. ನೋವು ಇದೆ, ಜೀವಕ್ಕೆ ಭಯವಿಲ್ಲ. 3 ಬರೆದೆ.

"ಬೆಂಚಿನ ಮೇಲೆ ಕೂತ್ಕೊಳ್ಳಿ ಗೌಡ್ರೆ. ಕಾಯ್ಬೇಕು" ಅಂದೆ.

"ಬಯ್ಯಪ್ಪನ ಮಗಳು ನನಗೆ ಕಾಯಿ ಅಂತಾಳಾ?"

"ಬಯ್ಯಪ್ಪನ ಮಗಳಲ್ಲ ಗೌಡ್ರೆ, ಕ್ಯಾಶುವಲ್ಟಿ ಸಿಸ್ಟರು ಹೇಳ್ತಾ ಇರೋದು. ಕೂತ್ಕೊಳ್ಳಿ."

ಕೂತರು! ಅದೇ ಬೆಂಚು, ವೆಂಕಟರತ್ನಮ್ಮ ಕೂತಿದ್ದ ಜಾಗ. ಎಂಜಲು ಹಚ್ಚಿ ಅಂಕಿ ಒರೆಸಲು ನೋಡುತ್ತಿದ್ದರು. ಅದು ಹೋಗುತ್ತದೆಯೇ?

ಈಗ ಮುಖ್ಯ ವಿಷಯ. ಬಸ್ಸಿನ ಕಂಡಕ್ಟರ್ ಚೆನ್ನರಾಯಪ್ಪ ಅಂತ. ಹಣೆಯಲ್ಲಿ ಸಣ್ಣ ಗಾಯ. ಎಲ್ಲರನ್ನೂ ಎತ್ತಿ ಇಳಿಸುತ್ತಿದ್ದವನೇ ಅವನು. ಮಂಗಮ್ಮ ಸರಿಯಾಗೇ ನೋಡಿ 3 ಬರೆದಿದ್ದಳು. "ಟಿಕೆಟ್ ಕೊಡೋನಿಗೇ ಟಿಕೆಟ್ ಕೊಟ್ರಲ್ಲ ಸಿಸ್ಟರ್" ಎಂದು ನಗಿಸಿ ಹೋಗಿ ಗೋಡೆ ಪಕ್ಕ ಕೂತ.

ಹೇಳಿದ್ದನ್ನು ಅಕ್ಷರ ಬಿಡದೆ ಮಾಡುವ ಅಮ್ಮಾಜಮ್ಮ, ಗಡಿಯಾರ ನೋಡಿಕೊಂಡು, ಹತ್ತು ನಿಮಿಷಕ್ಕೆ ಸರಿಯಾಗಿ ಕಾಯುವವರ ಸಾಲಿಗೆ ಹೋದಳು. ಮೊದಲ ಸುತ್ತಿನಲ್ಲಿ ಅವನು ನಗುತ್ತಿದ್ದ. ಎರಡನೇ ಸುತ್ತಿನಲ್ಲಿ ನಗಲಿಲ್ಲ. ಅಂಗೈ ತಣ್ಣಗಿತ್ತು, ನಾಡಿ ಓಡುತ್ತಿತ್ತು. ಅವಳು 3ಕ್ಕೆ ಗೀಟು ಎಳೆದು ಪಕ್ಕದಲ್ಲಿ 1 ಬರೆದು, ರಾಮಾಂಜಿನಪ್ಪನ ಜೊತೆ ಸೇರಿ ಎತ್ತಿಕೊಂಡೇ ಆಪರೇಷನ್ ಥಿಯೇಟರಿಗೆ ಓಡಿದಳು. "ಈಗ ಬೇಡ, ಒಬ್ಬರು ಟೇಬಲ್ ಮೇಲಿದ್ದಾರೆ" ಎಂದರಂತೆ ಡಾಕ್ಟರು. ಯಾರಿಗೂ ಎದುರು ಮಾತಾಡದ ಆ ಹುಡುಗಿ, "ಟೇಬಲ್ ಮೇಲಿರೋರು 2 ಸಾರ್, ಇವರು 1. ಇಳಿಸಿ" ಅಂದಳಂತೆ!

ಡಾಕ್ಟರು ಅವಳನ್ನು ನೋಡಿದರು, ಅವನ ಹೊಟ್ಟೆ ಮುಟ್ಟಿದರು, ಇಳಿಸಿದರು. ಎಡಪಕ್ಕೆಯ ಕೆಳಗಿನ ಗುಲ್ಮ ಒಡೆದು ಹೊಟ್ಟೆ ತುಂಬಾ ರಕ್ತವಿತ್ತು. ಇನ್ನು ಹತ್ತು ನಿಮಿಷ ಹೋಗಿದ್ದರೆ ಮುಗಿದಿತ್ತು ಎಂದು ಅವರೇ ಆಮೇಲೆ ಹೇಳಿದರು. ನಿನ್ನೆ ಗಂಜಿ ಕುಡಿದ. ಬಸ್ಸಿನ ಡ್ರೈವರು ಪಾಪ, ಜಾಗದಲ್ಲೇ ಹೋಗಿದ್ದ. ಅವನಿಗೆ ನಾವೇನೂ ಮಾಡುವ ಹಾಗಿರಲಿಲ್ಲ. ಆದರೆ ನಮ್ಮ ಬಾಗಿಲು ದಾಟಿದ ನಲವತ್ತಮೂರು ಜನರೂ ಬದುಕಿದ್ದಾರೆ. ಬೆಂಗಳೂರಿಗೆ ಕಳಿಸಿದ ಇಬ್ಬರೂ ಸೇರಿ. ನಲವತ್ತಮೂರೂ!

ಮೂರು ಗಂಟೆಗೆ ಡಾಕ್ಟರು ಥಿಯೇಟರಿನ ಬಾಗಿಲಿಗೆ ಬಂದರು. ಗೌನೆಲ್ಲ ರಕ್ತ. ಕಾರಿಡಾರಿನಲ್ಲಿ ಇನ್ನೂ ಹದಿನಾರು ಜನ. ಅವರು ಯಾರನ್ನೂ ನೋಡಲಿಲ್ಲ, ನನ್ನನ್ನು ನೋಡಿದರು. "ಸಿಸ್ಟರ್, ಮುಂದೆ ಯಾರು?" ಅಂದರು.

ಮೂರೇ ಮಾತು ಅಕ್ಕ. ನಾನು ತಿರುಗಿಕೊಂಡು ಕಣ್ಣು ಒರೆಸಿಕೊಂಡು, "ಆ ನೀಲಿ ಸೀರೆಯವರು ಸಾರ್" ಅಂದೆ.

ಹಬ್ಬದ ದಿನ ಮುನಿವೆಂಕಟಪ್ಪನವರು ಕೈಯನ್ನು ಕುತ್ತಿಗೆಗೆ ಕಟ್ಟಿಕೊಂಡು ಆಸ್ಪತ್ರೆಗೆ ಬಂದರು. ಬೈಯಲು ಬಂದರೇನೋ ಎಂದು ಗಟ್ಟಿಯಾಗಿ ನಿಂತುಕೊಂಡೆ. ಅವರು ಮುಂಗೈ ಚಾಚಿ ಎಲ್ಲರಿಗೂ ತೋರಿಸುತ್ತಿದ್ದರು. "ನೋಡ್ರಪ್ಪ, ನಂದು ಮೂರು. ನಾನು ಕಾದಿದ್ದಕ್ಕೇ ಆ ಕಂಡಕ್ಟರ್ ಉಳ್ಕೊಂಡ!" ಆ ಅಂಕಿ ಅಳಿಯದಿರಲಿ ಎಂದು ಮೂರು ದಿನ ಆ ಕೈಗೆ ಸೋಪು ಹಾಕಿಲ್ಲವಂತೆ. ಹೊರಡುವಾಗ ನನ್ನ ಹತ್ತಿರ ನಿಂತು, "ನಿಮ್ಮಪ್ಪ ನೋಡ್ಬೇಕಾಗಿತ್ತಮ್ಮ" ಅಂದರು. ಅಪ್ಪ ನೋಡಲಿಲ್ಲ, ಆದರೆ ಮಂಡಿಕಲ್ಲಿನಲ್ಲಿ ಸುದ್ದಿ ಕೇಳಿ, ಕೇಳಿದವರಿಗೆಲ್ಲ ಮತ್ತೆ ಮತ್ತೆ ಹೇಳುತ್ತಿದ್ದಾನೆ.

ಬೆಂಚು ತೆಗೆದುಹಾಕಲಿಲ್ಲ. ಬೇಡ ಅನ್ನಿಸಿತು. ಕಾಯಬಲ್ಲವರು ಕೂರುವುದಕ್ಕೆ ಜಾಗ ಬೇಕಲ್ಲ. ನಾನು ಇಂಜೆಕ್ಷನ್ ರೂಮಿಗೂ ಹೋಗಲಿಲ್ಲ. ಜನವರಿಯಲ್ಲಿ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿಯ ಆಸ್ಪತ್ರೆಗಳಿಂದ ಇಪ್ಪತ್ತು ನರ್ಸುಗಳು ನಮ್ಮಲ್ಲಿ ಕಲಿಯಲು ಬರುತ್ತಾರೆ. ಕರೆದವರು ಡಾಕ್ಟರು ನರಸಿಂಹಪ್ಪನವರೇ. ಗೂಡಿನ ಪಾಠ ಮಂಗಮ್ಮ ಮಾಡುತ್ತಾಳೆ. ಅಂಕಿಯ ಪಾಠ ನಾನು. ತಿರುಗಿ ನೋಡುವ ಪಾಠ ನಿನ್ನದು.

ಮೂರು ಸಲ ಕರೆದದ್ದು ಯಾಕೆಂದರೆ, ಒಂದು ವರ್ಷದಿಂದ ನೀನು ಗೋಡೆಗೆ ಒರಗಿ ಸುಮ್ಮನೆ ಕೂತಿದ್ದೀಯ, ನಾನು ತಿರುಗಿ ನೋಡಲೇ ಇಲ್ಲ. ಈಗ ನೋಡಿದೆ. ರಜೆ ಹಾಕಿ ಬಂದುಬಿಡು.

ನಿನ್ನ
ಗಂಗು


56 ಎ.ಪಿ.ಓ.
2 ಡಿಸೆಂಬರ್ 1987

ಸೀನಿಯರ್ ಗಂಗುಲಮ್ಮನವರಿಗೆ,

ಜೂನಿಯರ್ ಆದಿಲಕ್ಷ್ಮಮ್ಮ ಮಾಡುವ ಸೆಲ್ಯೂಟ್.

ನಿನ್ನ ಕಾಗದವನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಕಂಬಳಿಗಳ ಮೇಲೆ ಹತ್ತಿ ಕೂತು ಓದಿದೆ. "ಟೇಬಲ್ ಮೇಲಿರೋರು 2 ಸಾರ್, ಇವರು 1" ಎಂದು ನಾನೊಬ್ಬಳೇ ಸ್ಟೋರಿನಲ್ಲಿ ಗಟ್ಟಿಯಾಗಿ ಹೇಳಿದೆ. ಹೊರಗೆ ಕಾವಲಿದ್ದವನು ಒಳಗೆ ಇಣುಕಿ ನೋಡಿದ. ನಾನು ನಗುತ್ತಿದ್ದೆನೋ ಅಳುತ್ತಿದ್ದೆನೋ ಅವನಿಗೆ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ. ಚೆನ್ನರಾಯಪ್ಪ ಗಂಜಿ ಕುಡಿದ ಎಂಬ ಸಾಲು ಬಂದಾಗ ಮಾತ್ರ ಅತ್ತದ್ದು ಗೊತ್ತು. ಅಮ್ಮಾಜಮ್ಮನಿಗೆ ಇಡೀ ಹುರಿಗಾಳಿನ ಮೂಟೆ ನನ್ನ ಲೆಕ್ಕದಲ್ಲಿ.

ಜನವರಿಗೆ ಬರಲಾಗುವುದಿಲ್ಲ ಕಣೇ. ರಜೆ ಸಿಗದು. ಯಾಕೆಂದರೆ ಹೋದ ವಾರ ಸ್ಟೋರಿನ ಬೀಗದ ಕೈ ವಾಪಸು ಕೊಟ್ಟೆ. ಮೇಟ್ರನ್ ಮೇಡಂ ಬಾಗಿಲಿನ ಡ್ಯೂಟಿ ಚಾರ್ಟು ತೆಗೆದರು. ಅದರಲ್ಲಿ ನನ್ನ ಜಾಗಕ್ಕೆ ಒಂದು ವರ್ಷದಿಂದ ಬೇರೆಯವರ ಹೆಸರನ್ನು ಪೆನ್ಸಿಲಿನಲ್ಲಿ ಬರೆಯುತ್ತಿದ್ದರಂತೆ, ಅದನ್ನು ತೋರಿಸಿ ಅಳಿಸಲು ರಬ್ಬರು ಕೈಗೆ ಕೊಟ್ಟರು.

ಆದರೆ ಪಾಠ ನನ್ನದೇ. ಸೆಪ್ಟೆಂಬರಿನಲ್ಲಿ ಬರೆದ ಕಾಗದ ಇದೆಯಲ್ಲ, ಹಸಿರು ಪಟ್ಟಿಯದು, ಅದನ್ನು ಆ ಇಪ್ಪತ್ತು ಜನರ ಮುಂದೆ ಓದು. ನನ್ನ ಅಕ್ಕ ಒಬ್ಬರು ಎಂದೆಲ್ಲ ಹೇಳಬೇಡ. ಲೆಫ್ಟಿನೆಂಟ್ ಆದಿಲಕ್ಷ್ಮಮ್ಮ, ತೊಂಡೇಬಾವಿ, ಎಂದು ಹೆಸರು ಹಾಕಿಯೇ ಓದು. ನಿನ್ನ ಬೆಂಚಿನ ಕಥೆಯನ್ನೂ ಹೇಳು. ನಮ್ಮ ತಪ್ಪು ನಮ್ಮ ಹೊಟ್ಟೆಯಲ್ಲೇ ಇದ್ದರೆ ಯಾರಿಗೂ ಉಪಯೋಗವಿಲ್ಲ.

ಇವತ್ತು ಬಾಗಿಲಲ್ಲಿ ಮತ್ತೆ ನನ್ನ ಮೊದಲ ದಿನ. ಒಂಬತ್ತು ಜನ ಬಂದರು. ಇಲ್ಲಿ ಪಟ್ಟಿಗಳಿಗೆ ಬರವಿಲ್ಲ, ಆದರೂ ಸಾಹೇಬರನ್ನು ಕೇಳಿ ನಿನ್ನ ನೇರಳೆ ಔಷಧಿ ತರಿಸಿದ್ದೆ. ಒಂಬತ್ತು ಜನರನ್ನೂ ನೋಡಿದೆ. ತಿರುಗಿ ನೋಡಿದೆ. ಮತ್ತೆ ತಿರುಗಿ ನೋಡಿದೆ. ನಾಲ್ಕನೇ ಸಲ ಹೋದಾಗ ಒಬ್ಬ ಜವಾನ, "ಸಿಸ್ಟರ್, ನಾನು ಬದುಕಿದ್ದೇನೆ, ನೀವು ಸ್ವಲ್ಪ ಕೂತುಕೊಳ್ಳಿ" ಎಂದ. ಒಂಬತ್ತೂ ಜನ ಈಗ ವಾರ್ಡಿನಲ್ಲಿ ಚಹಾ ಕುಡಿಯುತ್ತಿದ್ದಾರೆ.

ಈ ಕಾಗದದ ಮೂಲೆಯಲ್ಲಿ ನೇರಳೆ ಬಣ್ಣದ ಹೆಬ್ಬೆರಳ ಗುರುತು ಬಿದ್ದಿದೆ, ಕ್ಷಮಿಸು. ಬೇರೆ ಕಾಗದ ತೆಗೆದುಕೊಳ್ಳೋಣ ಎಂದುಕೊಂಡೆ. ಆಮೇಲೆ ಇರಲಿ ಅನ್ನಿಸಿತು, ನೀನು ನೋಡಬೇಕಾದದ್ದು ಅದೇ.

ಆದಿ